ಸಿಪಿಯು ಕಿತ್ತುಕೊಂಡ ಶನಿವಾರ

ಶನಿವಾರ, 8 ನವೆಂಬರ್ 2025

ಎರಡನೇ ಶನಿವಾರ, ಆಫೀಸಿಗೆ ರಜೆ. ನನಗಲ್ಲ. ಸರ್ವರ್ ನಿಲ್ಲಿಸಿದರೂ ಯಾರೂ ಫೋನ್ ಮಾಡದ ದಿನ ಇದೇ ಅಲ್ವಾ.

ಅಕೌಂಟ್ಸ್‌ನ ಡೇಟಾಬೇಸ್ ಇರುವ ವರ್ಚುವಲ್ ಮಷೀನ್ (ಹೋಸ್ಟ್ ಎಂಬ ನಿಜವಾದ ಸರ್ವರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಕಂಪ್ಯೂಟರ್) ಆರು ತಿಂಗಳಿಂದ ತೆವಳುತ್ತಿತ್ತು. ತಿಂಗಳ ಕೊನೆ ಬಂತೆಂದರೆ ಮೇಡಂ ಫೋನ್: "ರಿಪೋರ್ಟ್ ಒತ್ತಿ ಕಾಫಿ ಕುಡ್ಕೊಂಡು ಬಂದೆ ಸರ್, ಇನ್ನೂ ತಿರುಗ್ತಾನೇ ಇದೆ." ಪ್ರತಿ ಸಲ ನಾನು ಇನ್ನೆರಡು ಸಿಪಿಯು ಕೊಡುತ್ತಿದ್ದೆ. ನಾಲ್ಕಿದ್ದದ್ದು ಹನ್ನೆರಡಾಯಿತು. ಫೋನ್ ಮಾತ್ರ ನಿಲ್ಲಲಿಲ್ಲ.

ಗುರುವಾರ ಕೆಲಸದ ಹೊತ್ತಿನಲ್ಲಿ ಆ ಮಷೀನಿನೊಳಗೆ ಟಾಪ್ ಕಮಾಂಡ್ ಹಾಕಿ ನೋಡಿದ್ದೆ. ಸಿಪಿಯು ಸಾಲಿನ ತುದಿಯಲ್ಲಿ 'ಎಸ್‌ಟಿ' ಅಂತ ಒಂದು ಅಂಕಿ ಇರುತ್ತದೆ. ಸ್ಟೀಲ್, ಅಂದರೆ ಕದ್ದ ಸಮಯ. ಈ ಮಷೀನಿಗೆ ಕೆಲಸವಿದೆ, ಆದರೆ ಹೋಸ್ಟ್ ಆ ಹೊತ್ತಿಗೆ ತನ್ನ ಕೋರನ್ನು, ಅಂದರೆ ನಿಜವಾದ ಸಿಪಿಯುವನ್ನು, ಬೇರೆ ಮಷೀನಿಗೆ ಕೊಟ್ಟಿದೆ ಎಂದರ್ಥ. ಸೊನ್ನೆಯ ಹತ್ತಿರ ಇರಬೇಕಾದದ್ದು ಶೇಕಡಾ 20 ದಾಟಿತ್ತು. ಲೆಕ್ಕ ಹಾಕಿದೆ. ಹೋಸ್ಟ್‌ನಲ್ಲಿರುವ ಕೋರ್ 16. ಎಲ್ಲ ಮಷೀನುಗಳಿಗೆ ನಾನು ಹಂಚಿದ್ದು 46!

ಮದುವೆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನನ್ನೇ ಯಾರೋ ಹೊರಗೆ ಕರೆದರೆ ಏನಾಗುತ್ತದೆ? ಎಲ್ಲರೂ ಅನ್ನ ಮುಂದಿಟ್ಟುಕೊಂಡು ಸುಮ್ನೆ ಕೂತಿರುತ್ತಾರೆ. ಇಲ್ಲೂ ಅದೇ. ಲಾಕ್ (ಒಂದು ಹೊತ್ತಿಗೆ ಒಬ್ಬರೇ ಮುಟ್ಟಲಿ ಅಂತ ಡೇಟಾಕ್ಕೆ ಹಾಕುವ ಬೀಗ) ಹಿಡಿದ ಸಿಪಿಯುವನ್ನು ಹೋಸ್ಟ್ ಎಬ್ಬಿಸಿ ಕಳಿಸಿದರೆ, ಉಳಿದ ಹನ್ನೊಂದರಲ್ಲಿ ಆ ಲಾಕ್ ಬೇಕಾದವೆಲ್ಲ ಕಾಯುತ್ತವೆ. ಪಂಕ್ತಿ ಉದ್ದವಾದಷ್ಟೂ ಕಾಯುವವರು ಜಾಸ್ತಿ.

ಬೆಳಿಗ್ಗೆ ಏನೂ ಮುಟ್ಟದೆ ದೊಡ್ಡ ರಿಪೋರ್ಟ್ ಓಡಿಸಿದೆ: 9 ನಿಮಿಷ. ಹನ್ನೆರಡನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಓಡಿಸಿದೆ: 8. ರಜಾ ದಿನ ಹೋಸ್ಟ್ ಖಾಲಿ, ಇಷ್ಟೇ ಸಿಗುವುದು. ಹಾಗಾದರೆ ಉಳಿದದ್ದು ಎಲ್ಲಿ ಹೋಗುತ್ತಿದೆ?

ಕಾನ್ಫಿಗ್ ಫೈಲ್ ತೆರೆದು ನೋಡಿದರೆ ಡಿಸ್ಕ್ ಬಸ್ (ಮಷೀನಿಗೆ ಡಿಸ್ಕ್ ಜೋಡಿಸುವ ದಾರಿ) ಮುಂದೆ 'ಐಡಿಇ' ಎಂದಿದೆ. ಹಳೆಯ ಹೋಸ್ಟ್‌ನಿಂದ ಎತ್ತಿ ತಂದಾಗ ನಾನೇ ಹಾಗೇ ಬಿಟ್ಟದ್ದು, ಬೈಯಲು ಬೇರೆ ಯಾರೂ ಇಲ್ಲ. ಐಡಿಇ ಎಂದರೆ ಕ್ಯೂಎಂಯು (ಹೋಸ್ಟ್ ಮೇಲೆ ಈ ಮಷೀನನ್ನು ನಡೆಸುವ ಪ್ರೋಗ್ರಾಂ) 1990ರ ದಶಕದ ಚಿಪ್‌ನ ವೇಷ ಹಾಕಿ ಕೂತಿದೆ ಅಂತ. ಡಿಸ್ಕ್‌ಗೆ ಒಂದು ಮಾತು ಹೇಳಬೇಕಾದರೂ ಮಷೀನ್ ನಿಂತು, ಹೋಸ್ಟ್‌ಗೆ ಹೋಗಿ, ವಾಪಸ್ ಬರಬೇಕು. ವರ್ಚುವಲ್ ಮಷೀನಿಗೆಂದೇ ಮಾಡಿದ ವರ್ಟ್‌ಐಒ ಬಸ್‌ನಲ್ಲಿ ವೇಷವಿಲ್ಲ. ತಾನು ವರ್ಚುವಲ್ ಅಂತ ಮಷೀನಿಗೂ ಗೊತ್ತು. ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಬೇಡಿಕೆಗಳನ್ನು ಸಾಲಾಗಿ ಇಟ್ಟು ಒಂದೇ ಸಲ ಬಾಗಿಲು ತಟ್ಟುತ್ತದೆ.

ಬದಲಾಯಿಸಿ ಆನ್ ಮಾಡಿದೆ. ಪರದೆಯ ಮೇಲೆ 'ಎಸ್‌ಡಿಬಿ1'ಗಾಗಿ ಕಾಯುತ್ತಿದ್ದೇನೆ ಎಂಬ ಸಾಲು, ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿತ್ತು. ನಿಜ ಹೇಳಬೇಕೆಂದರೆ ಕೈ ತಣ್ಣಗಾಯಿತು, ಹಳೆ ಸ್ಥಿತಿಗೆ ವಾಪಸ್ ಹೋಗಲು ಸ್ನ್ಯಾಪ್‌ಶಾಟ್ ಇದ್ದರೂ. ಆಮೇಲೆ ಹೊಳೆಯಿತು. ವರ್ಟ್‌ಐಒಗೆ ಬಂದ ಮೇಲೆ ಡಿಸ್ಕ್ ಹೆಸರು 'ವಿಡಿಬಿ'. ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ನಾನು ಯುಯುಐಡಿ (ಬಸ್ ಬದಲಾದರೂ ಬದಲಾಗದ ಗುರುತು) ಹಾಕದೆ ಹಳೆ ಹೆಸರನ್ನೇ ಬರೆದಿದ್ದೆ. ಒಂದು ಸಾಲು ತಿದ್ದಿ ರೀಬೂಟ್ ಮಾಡಿದೆ.

ಅದೇ ರಿಪೋರ್ಟ್, 3 ನಿಮಿಷ.

ಹ್ಯೂಜ್‌ಪೇಜ್ ಕೂಡ ಇವತ್ತೇ ಹಾಕೋಣ ಅನಿಸಿತ್ತು. ಮೆಮೊರಿಯನ್ನು 4 ಕೆಬಿ ಚೂರುಗಳ ಬದಲು 2 ಎಂಬಿ ತುಂಡುಗಳಲ್ಲಿ ಕೊಟ್ಟರೆ ವಿಳಾಸ ಹುಡುಕುವ ಕೆಲಸ ಕಡಿಮೆಯಾಗುತ್ತದೆ. ಆದರೆ ಹೊಟ್ಟೆ ಹಸಿದಿತ್ತು, ಒಂದು ದಿನಕ್ಕೆ ಎರಡು ಬದಲಾವಣೆ ಸಾಕು. ಸೋಮವಾರ ಎಲ್ಲರೂ ಲಾಗಿನ್ ಆದ ಮೇಲೆ ಎಸ್‌ಟಿ ಎಷ್ಟಿದೆ ಅಂತ ಮೊದಲು ನೋಡಬೇಕು. ಸಿಪಿಯು ಕಿತ್ತುಕೊಂಡಿದ್ದನ್ನು ಮೇಡಂಗೆ ಹೇಳುವುದಿಲ್ಲ.