ಕಾಸರಕದ ಏಳು ಬೀಜ

ಅಡಿಕೆ ಕೊಯ್ಲಿನ ಹೊತ್ತಿಗೆ ಸರಿಯಾಗಿ ನನ್ನ ಸೊಂಟ ಕೈಕೊಟ್ಟಿತು. ಸೊಂಟದಿಂದ ಎಡಗಾಲಿನ ಕಿರುಬೆರಳವರೆಗೆ ಕಾದ ತಂತಿ ಎಳೆದ ಹಾಗೆ ನೋವು. ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ನರ ಒತ್ತಿಕೊಂಡಿದೆ, ಸಯಾಟಿಕಾ ಅಂದರು. ಮಾತ್ರೆಗೆ ನೋವು ಜಗ್ಗಲಿಲ್ಲ, ನಿದ್ದೆ ಮಾತ್ರ ಜಾಸ್ತಿಯಾಯಿತು.

ಆಗ ತೀರ್ಥಹಳ್ಳಿ ಕಡೆಯಿಂದ ಭಾವ ಬಂದರು. ಜೇಬಿನಲ್ಲಿ ಏಳು ಕಾಸರಕದ ಬೀಜ. ಹಳೇ ಕಾಸಿನ ಹಾಗೆ ದುಂಡಗೆ, ಚಪ್ಪಟೆ, ಬೂದಿ ಬಣ್ಣ. ಮುಟ್ಟಿದರೆ ರೇಷ್ಮೆ.

"ತುಪ್ಪದಲ್ಲಿ ಹುರಿದು ಪುಡಿ ಮಾಡಿ ನೆಕ್ಕು. ವಾರದಲ್ಲಿ ತೋಟಕ್ಕೆ ಹೋಗ್ತೀಯ."

ನಾನು ಒಪ್ಪಿಯೂ ಬಿಟ್ಟಿದ್ದೆ. ಮಗ್ಗುಲು ಬದಲಿಸಲೂ ಆಗದವನು ಏನು ಕೊಟ್ಟರೂ ನೆಕ್ಕುತ್ತಾನೆ.

ಅಡ್ಡ ಬಂದವಳು ಅಮ್ಮ. ಅವಳ ತವರು ಘಟ್ಟದ ಕೆಳಗೆ. ಅಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂತೋ, ಮುಗೀತು. "ಮೊದಲು ಪಂಡಿತರನ್ನು ಕೇಳು" ಅಂದಳು.

ಎಂಬತ್ತು ದಾಟಿದ ಪಂಡಿತರು ಬೀಜಗಳನ್ನು ಒಂದೊಂದಾಗಿ ಎಣಿಸಿದರು. "ಹುರಿಯೋದು ಕೊನೇ ಕೆಲಸ ಮಾರಾಯಾ. ಅದಕ್ಕೆ ಮುಂಚೆ ಏನು ಮಾಡ್ತೀಯ?"

ಭಾವ ಸುಮ್ಮನಾದರು. ಗಂಜಲದಲ್ಲಿ ದಿನಗಟ್ಟಲೆ ನೆನೆಸಬೇಕು. ಹಾಲಿನಲ್ಲಿ ಬೇಯಿಸಬೇಕು. ಸಿಪ್ಪೆ ಸುಲಿದು, ಒಳಗಿನ ಮೊಳಕೆ ಕಿತ್ತು ಎಸೆಯಬೇಕು. ಇಷ್ಟಾದರೂ ವಿಷ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಇಲಿ ಪಾಷಾಣಕ್ಕೆ ಬಳಸುತ್ತಿದ್ದ ಸ್ಟ್ರಿಕ್ನಿನ್ ಇರುವುದು ಇದೇ ಬೀಜದಲ್ಲಿ. ನರಗಳ ಕಡಿವಾಣವನ್ನೇ ಅದು ಬಿಚ್ಚಿಹಾಕುತ್ತದೆ. ಆಮೇಲೆ ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ವಿಷತಿಂದುಕ ವಟಿ ಅಂತ ಅಂಗಡಿಯಲ್ಲಿ ಸಿಗುವ ಗುಳಿಗೆಯಲ್ಲೂ ಶುದ್ಧಿ ಮಾಡಿದ ಕಾಸರಕವೇ ಇರುವುದು. ಅದನ್ನೂ ವೈದ್ಯರನ್ನು ಕೇಳದೆ ನುಂಗುವಂತಿಲ್ಲ.

"ನಾನು ಒಳಕ್ಕೆ ಕೊಡೋದು ಬಿಟ್ಟು ಬಹಳ ವರ್ಷ ಆಯ್ತು" ಅಂದರು ಪಂಡಿತರು. "ಕೈ ನಡುಗ್ತದೆ. ನಡುಗೋ ಕೈಯಲ್ಲಿ ಇದನ್ನು ತೂಗೋಕಾಗಲ್ಲ."

ಬದಲಿಗೆ ಎಕ್ಕದ ಎಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಸೊಂಟಕ್ಕೆ ಕಟ್ಟಲು ಹೇಳಿದರು.

"ಅದೂ ವಿಷದ ಗಿಡವೇ ಅಲ್ವಾ?" ಭಾವ ಬಿಡಲಿಲ್ಲ.

"ಹೌದು. ಅದಕ್ಕೇ ಹಾಲು ಕಣ್ಣಿಗೆ ತಾಗಿಸ್ಬೇಡ ಅನ್ನೋದು."

ಎಲೆ ಕಟ್ಟಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎಲೆಯಿಂದಲೋ ಬಿಸಿಯಿಂದಲೋ ಗೊತ್ತಿಲ್ಲ. ಫಿಸಿಯೋಥೆರಪಿಗೂ ಹೋದೆ. ತೋಟಕ್ಕೆ ಇಳಿಯುವಷ್ಟರಲ್ಲಿ ಎರಡು ತಿಂಗಳಾಗಿತ್ತು, ಕೊಯ್ಲು ಮುಗಿದಿತ್ತು.

ಏಳು ಬೀಜವನ್ನೂ ಪಂಡಿತರು ವಾಪಸ್ ಕೊಡಲೇ ಇಲ್ಲ. ಭಾವ ದಾರಿಯುದ್ದಕ್ಕೂ ಗೊಣಗಿದರು.