ಅನುದಾನ ಇರುವವರೆಗೆ

ಅಕ್ಕನ ಮೇಲೆ ಹಲ್ಲೆಯಾದಾಗ ಪರಿಹಾರದ ಅರ್ಜಿ ತುಂಬಿದವಳು ನಾನು. ಅವಳ ಬಲಗೈಗೆ ಬ್ಯಾಂಡೇಜ್ ಹಾಕಿದ್ದರು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಆಸ್ಪತ್ರೆ ಬಿಲ್ಲು, ಒಡೆದ ಕನ್ನಡಕ, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ, ವಿಮೆಯವರು ಎಷ್ಟು ಕೊಟ್ಟರು, ಇನ್ನೆಷ್ಟು ಬಾಕಿ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ರಾತ್ರಿ ದೀಪ ಆರಿಸಲು ಬಿಡದ ಭಯವನ್ನು ಎಲ್ಲಿ ಬರೆಯುವುದೆಂದು ತಿಳಿಯಲಿಲ್ಲ.

ಕಚೇರಿಯಲ್ಲಿ "ಇದರ ರಸೀದಿ ಎಲ್ಲಿ?" ಎಂದು ಮೂರನೇ ಸಲ ಕೇಳಿದಾಗ ಅಕ್ಕ ಎದ್ದು ಹೊರಟೇಬಿಟ್ಟಳು. ಸಂತ್ರಸ್ತರ ನೆರವಿಗೆಂದೇ ನೇಮಕವಾಗಿದ್ದ ಕಾರ್ಯಕರ್ತೆಯೊಬ್ಬರು ಅವಳನ್ನು ಕರೆತಂದು ಕೂರಿಸಿ, ನೀರು ಕೊಟ್ಟು, ಯಾವ ಕಾಗದ ಯಾಕೆ ಬೇಕು ಎಂದು ಬಿಡಿಸಿ ಹೇಳಿದರು. ಸಾಕ್ಷಿ ಹೇಳುವ ದಿನ ಕೋರ್ಟಿನ ಬೆಂಚಿನ ಮೇಲೆ ನಾಲ್ಕು ತಾಸು ಜೊತೆಗೆ ಕೂತಿದ್ದವರೂ ಅವರೇ. "ಈ ಕೆಲಸ ಕಾಯಂ ಆಗಿದೆಯಾ ಮೇಡಂ?" ಎಂದೆ. "ಅನುದಾನ ಇರುವವರೆಗೆ" ಎಂದರು.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಓದುತ್ತ ಹೋದೆ. ಸರ್ಕಾರವೇ ಪರಿಹಾರ ಕೊಡಬೇಕೆಂದು 1950ರ ದಶಕದಲ್ಲಿ ಗಟ್ಟಿಯಾಗಿ ವಾದಿಸಿದವರು ಇಂಗ್ಲೆಂಡಿನ ಸಮಾಜ ಸುಧಾರಕಿ ಮಾರ್ಜರಿ ಫ್ರೈ. ಅಪರಾಧಿಯಿಂದಲೇ ವಸೂಲಿ ಮಾಡೋಣವೆಂದರೆ ಅವನು ಸಿಗದೇ ಹೋಗಬಹುದು, ಸಿಕ್ಕರೂ ಕೈ ಖಾಲಿ ಇರಬಹುದು. ನ್ಯೂಜಿಲೆಂಡ್ 1963ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ಅಮೆರಿಕ 1984ರಲ್ಲಿ ಸ್ಥಾಪಿಸಿದ ನಿಧಿಗೆ ಹಣ ಬರುವುದು ಮುಖ್ಯವಾಗಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನಡಿ ಬರುವ, ಅಪರಾಧಗಳಲ್ಲಿ ಶಿಕ್ಷೆಯಾದವರು ಕಟ್ಟುವ ದಂಡದಿಂದ. ಪರಿಹಾರಕ್ಕೂ ಆಪ್ತಸಮಾಲೋಚನೆ, ಆಶ್ರಯತಾಣಗಳಂಥ ಸೇವೆಗಳಿಗೂ ಅದೇ ನಿಧಿ. ತಪ್ಪು ಮಾಡಿದವನ ದುಡ್ಡು ನೊಂದವರಿಗೆ ಸೇರುವುದು ನ್ಯಾಯವೇ. ಆದರೆ ದೊಡ್ಡ ಕಂಪನಿಗಳು ವಿಚಾರಣೆಗೆ ಮೊದಲೇ ಒಪ್ಪಂದ ಮಾಡಿಕೊಂಡು ಕಟ್ಟುವ ಹಣ ಸಾಮಾನ್ಯ ಖಜಾನೆಗೆ ಹೋಗುತ್ತಿತ್ತು. ನಿಧಿ ಬತ್ತುತ್ತ ಬಂದು, 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ದಂಡ ಕಡಿಮೆ ಬಂದ ವರ್ಷ ಪೆಟ್ಟು ತಿಂದವರೂ ಕಡಿಮೆ ಇರುತ್ತಾರೆಯೇ? ಇಂಥ ಸೇವೆಗೆ ಸರ್ಕಾರ ತನ್ನ ಬಜೆಟ್ಟಿನಲ್ಲೇ ಪ್ರತಿ ವರ್ಷ ಹಣ ತೆಗೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕನಿಗೆ ಪರಿಹಾರ ಬಂತು. ಆಸ್ಪತ್ರೆಗೆಂದು ಮಾಡಿದ್ದ ಸಾಲ ತೀರಿತು, ಅವಳಿಗೆ ಅದು ದೊಡ್ಡ ನೆಮ್ಮದಿ. ಆದರೂ ನಿದ್ದೆ ಬಾರದ ದಿನ ಬೆಳಗ್ಗೆ ಅವಳು ಫೋನ್ ಮಾಡುತ್ತಿದ್ದದ್ದು ಆ ಕಾರ್ಯಕರ್ತೆಗೆ. ಹೋದ ತಿಂಗಳು ಮಾಡಿದಾಗ ಬೇರೆ ಯಾರೋ ಎತ್ತಿಕೊಂಡರು. ಆ ಹುದ್ದೆ ಈಗ ಇಲ್ಲವಂತೆ.