ಬಿಸಿಯಾದ ಮೇಲೆ ಮಾತ್ರ ತಪ್ಪುತ್ತಿದ್ದ ಎರಡನೇ ಸಿಲಿಂಡರ್

ಒಂದೇ ಸಲಕ್ಕೆ ಮುಗಿಯಬೇಕಾಗಿದ್ದ ಒಂದು ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೆಲಸ ನನ್ನ ಕೈಯಲ್ಲಿ ಒಂದು ವಾರ ಎಳೆಯಿತು. ಮೊದಲ ದಿನದ ಮೊದಲ ಹತ್ತು ನಿಮಿಷಗಳಲ್ಲಿ ನಾನು ಮಾಡಿದ ತಪ್ಪೇ ಅದಕ್ಕೆ ಕಾರಣವಾದುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಕಾರು ಹಿಂದಿನ ಸಂಜೆ ಬಂದು ರಾತ್ರಿಯಿಡೀ ಗ್ಯಾರೇಜಿನಲ್ಲಿ ನಿಂತಿತ್ತು. ಬೆಳಿಗ್ಗೆ ಸ್ಕ್ಯಾನರ್ ಹಾಕಿದಾಗ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದು ಹೇಳುವ ಪಿ 0302 ಎಂಬ ಒಂದೇ ಕೋಡ್ ಕಾಣಿಸಿತು. ಎಂಜಿನ್ ಚಾಲೂ ಮಾಡಿದರೆ ನಡುಕವೇ ಇರಲಿಲ್ಲ. ಅದೇ ಮಾದರಿಯ ಮೂರು ಕಾರುಗಳಿಗೆ ಆ ತಿಂಗಳಿನಲ್ಲಿ ಇಗ್ನಿಷನ್ ಕಾಯಿಲ್ (ಪ್ಲಗ್‌ನಲ್ಲಿ ಕಿಡಿ ಹಾರಿಸಲು ವಿದ್ಯುತ್ ಕೊಡುವ ಭಾಗ) ಬದಲಿಸಿದ್ದ ನಾನು, ಇದೂ ಅದೇ ಎಂದು ತೀರ್ಮಾನಿಸಿಬಿಟ್ಟೆ. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ದೋಷವೂ ಅದರ ಹಿಂದೆಯೇ ಹೋಗುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆಯನ್ನೂ ಮಾಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಫ್ರೀಜ್ ಫ್ರೇಮನ್ನು ತೆರೆದು ಓದದೆ ಕೋಡ್ ಅಳಿಸಿದ್ದು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಭಾರ ಹೊತ್ತಿತ್ತು ಎಂಬುದೆಲ್ಲ ಅದರಲ್ಲಿತ್ತು; ಕೋಡಿನೊಂದಿಗೆ ಅದೂ ಅಳಿಸಿಹೋಯಿತು. ಹೊಸ ಕಾಯಿಲ್ ಹಾಕಿ, ಸ್ವಲ್ಪ ದೂರ ಓಡಿಸಿ ನೋಡಿ, ಕಾರನ್ನು ಒಪ್ಪಿಸಿದೆ.

ಎರಡು ದಿನಗಳ ನಂತರ ಸಂಜೆ ಮಾಲೀಕರ ಫೋನ್ ಬಂತು. ನಾನು ಬೇರೊಂದು ಗಾಡಿಯ ಕ್ಲಚ್ ಇಳಿಸುತ್ತಿದ್ದೆ. "ಚೆಕ್ ಎಂಜಿನ್ ಲೈಟ್ ಮಿನುಗುತ್ತಿದೆ ಸರ್, ಟ್ರಾಫಿಕ್ಕಿನಲ್ಲಿ ಇದ್ದೇನೆ, ಓಡಿಸಬಹುದೇ?" ಎಂದು ಅವರು ಕೇಳಿದರು. "ನಿಧಾನವಾಗಿ ಮನೆ ಮುಟ್ಟಿಸಿ ಸರ್, ನಾಳೆ ನೋಡೋಣ" ಎಂದುಬಿಟ್ಟೆ. ಆ ಲೈಟ್ ಸ್ಥಿರವಾಗಿ ಉರಿಯುವುದು ಬೇರೆ, ಮಿನುಗುವುದು ಬೇರೆ ಎಂದು ಕಲಿಯಲು ಬಂದ ಹುಡುಗರಿಗೆ ಹೇಳಿಕೊಟ್ಟವನು ನಾನೇ. ಮಿನುಗುತ್ತಿದೆ ಎಂದರೆ, ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನವರೆಗೆ ಹೋಗಿ ಅಲ್ಲಿ ಉರಿದು, ಅದನ್ನು ಮಿತಿಮೀರಿ ಕಾಯಿಸುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂದರ್ಥ. ಗಾಡಿಯನ್ನು ಬದಿಗೆ ನಿಲ್ಲಿಸಿ ಎಂದು ಹೇಳಬೇಕಾಗಿತ್ತು. ನನ್ನ ಮಾತನ್ನು ನಂಬಿ ಅವರು ಇನ್ನೂ ಒಂದು ಗಂಟೆ ಓಡಿಸಿದರು. ರಾತ್ರಿ ಮಲಗಿದ ಮೇಲೆ ನಾನು ಹೇಳಿದ್ದು ಏನೆಂದು ಹೊಳೆದು, ಬೆಳಗಾಗುತ್ತಲೇ ಫೋನ್ ಮಾಡಿ, ಕಾರನ್ನು ಚಾಲೂ ಮಾಡಬೇಡಿ ಎಂದು ಹೇಳಿ ಟೋಯಿಂಗ್ ಗಾಡಿ ಕಳಿಸಿದೆ.

ಹೀಗಾಗಿ ಕಾರು ಮತ್ತೆ ತಣ್ಣಗೆಯೇ ನನ್ನ ಮುಂದೆ ಬಂದು ನಿಂತಿತು. ಈ ಸಲ ಎಲ್ಲವನ್ನೂ ಕ್ರಮವಾಗಿ ಮಾಡುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಕಾಯಿಲ್ ಮತ್ತು ಪ್ಲಗ್‌ಗಳನ್ನು ಅದಲುಬದಲು ಮಾಡಿದೆ. ಲೈವ್ ಡೇಟಾದಲ್ಲಿ ನಾಲ್ಕು ಸಿಲಿಂಡರುಗಳ ಮಿಸ್ಸಿಂಗ್ ಎಣಿಕೆಯೂ ಸೊನ್ನೆಯಲ್ಲೇ ಇತ್ತು. ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿದಾಗ ಏರುವ ಒತ್ತಡ) ನೋಡಿದರೆ ಎರಡನೆಯದರಲ್ಲಿ 11.5 ಬಾರ್, ಉಳಿದವುಗಳಲ್ಲಿ 12. ಎಂಜಿನ್ ಬಿಸಿಯಿದ್ದಾಗ ಅಳೆಯಬೇಕೆಂಬುದು ಗೊತ್ತಿತ್ತು. ಆದರೆ ಬಿಸಿಯಾದ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ ಬಿಚ್ಚುವಾಗ ಥ್ರೆಡ್ ಕಿತ್ತುಬಂದರೆ ಎಂಬ ಹೆದರಿಕೆಯಿಂದ ತಣ್ಣಗಿರುವಾಗಲೇ ಅಳೆದೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣಕ್ಕೆ ಮಾಡುವ ತಿದ್ದುಪಡಿ) ಶೇ. 11 ಹೆಚ್ಚಿದ್ದುದನ್ನು ಕಂಡು, ಪೆಟ್ರೋಲ್ ಸಾಲುತ್ತಿಲ್ಲವೆಂದು ಬಗೆದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೂ ಬದಲಿಸಿದೆ. ಉರಿಯದ ಸಿಲಿಂಡರಿನಿಂದ ಆಮ್ಲಜನಕ ಹಾಗೆಯೇ ಹೊರಬರುತ್ತದೆ, ಆಕ್ಸಿಜನ್ ಸೆನ್ಸರ್ ಅದನ್ನೇ ಪೆಟ್ರೋಲಿನ ಕೊರತೆಯೆಂದು ಓದುತ್ತದೆ ಎಂಬುದು ಆಗ ನೆನಪಿಗೆ ಬರಲಿಲ್ಲ. ಆ ಇಡೀ ಬೆಳಿಗ್ಗೆ ನಾನು ಪರೀಕ್ಷಿಸಿದ್ದು ಆ ಹೊತ್ತಿನಲ್ಲಿ ಆರೋಗ್ಯವಾಗಿದ್ದ ಎಂಜಿನ್ನನ್ನು.

ಇಂಜೆಕ್ಟರ್ ಹಾಕಿ ಐಡ್ಲಿಂಗಿನಲ್ಲಿ ಬಿಟ್ಟ ಇಪ್ಪತ್ತು ನಿಮಿಷಕ್ಕೆ ಕಾರು ನಡುಗತೊಡಗಿತು. ಎರಡನೇ ಸಿಲಿಂಡರಿನ ಎಣಿಕೆ ನನ್ನ ಕಣ್ಣೆದುರೇ ಏರಿತು. ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿದರೆ ನಡುಕ ನಿಂತಿತು. ಇಳಿಸಿದರೆ ಮತ್ತೆ ಶುರುವಾಯಿತು. ಪಕ್ಕದ ಬೇಯಲ್ಲಿದ್ದ ಹಿರಿಯ ಮೆಕ್ಯಾನಿಕ್ ಬಂದು, "ಫ್ರೀಜ್ ಫ್ರೇಮ್ ನೋಡಿದೆಯಾ?" ಎಂದಷ್ಟೇ ಕೇಳಿದರು. ಈ ಸಲ ಅದನ್ನು ಅಳಿಸಿರಲಿಲ್ಲ. ಕೂಲೆಂಟ್ (ಎಂಜಿನ್ ತಂಪುಮಾಡುವ ದ್ರವ) 96 ಡಿಗ್ರಿ, ವೇಗ 740; ಅಂದರೆ ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿದ್ದಾಗ. ಮೊದಲ ದಿನವೇ ಇಂಥದೇ ಅಂಕಿಗಳು ನನ್ನ ಕೈಯಲ್ಲಿದ್ದಿರಬೇಕು.

ಕೈಗವಸು ತೊಟ್ಟು, ಪ್ಲಗ್‌ಗಳನ್ನು ನಿಧಾನವಾಗಿ ಸಡಿಲಿಸಿ, ಬಿಸಿಯಿರುವಾಗಲೇ ಕಂಪ್ರೆಷನ್ ಅಳೆದೆವು. ಎರಡನೆಯದರಲ್ಲಿ 7 ಬಾರ್. ಒಂದು ಚಮಚ ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆದರೂ ಏರಲಿಲ್ಲವಾದ್ದರಿಂದ ಪಿಸ್ಟನ್ ರಿಂಗ್‌ಗಳ ಮೇಲಿನ ಅನುಮಾನ ಹೋಯಿತು. ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲಿನ ತುದಿಗೆ ತಂದು ಗಾಳಿ ತುಂಬಿದಾಗ ಸೈಲೆನ್ಸರಿನ ತುದಿಯಲ್ಲಿ ಸ್ಸ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಮರುದಿನ ತಣ್ಣಗಾದ ಎಂಜಿನ್ನಿನ ವಾಲ್ವ್ ಕವರ್ ಬಿಚ್ಚಿದೆವು. ವಾಲ್ವನ್ನು ಒತ್ತಿ ತೆರೆಯುವ ಕ್ಯಾಮಿಗೂ ವಾಲ್ವಿನ ಮೇಲೆ ಕೂರುವ ಟ್ಯಾಪೆಟ್ಟಿಗೂ ನಡುವೆ ಸುಮಾರು 0.30 ಮಿ.ಮೀ. ಸಂದು ಇರಬೇಕಾದ ಕಡೆ, ಎರಡನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿನಲ್ಲಿ ಫೀಲರ್ ಗೇಜಿನ 0.05ರ ಪಟ್ಟಿಯೇ ಬಿಗಿಯಾಗಿ ನುಸುಳಿತು. ಮುಚ್ಚಿದಾಗ ವಾಲ್ವ್ ಕೂರುವ ಸೀಟ್ ಸವೆದಂತೆಲ್ಲ ವಾಲ್ವ್ ಮೇಲಕ್ಕೆ ಸರಿದು ಕ್ಯಾಮಿನ ಹತ್ತಿರ ಬರುತ್ತದೆ. ಎಂಜಿನ್ ಕಾದು ವಾಲ್ವ್ ಉದ್ದವಾದಾಗ ಉಳಿದಿದ್ದ ಅಷ್ಟು ಸಂದೂ ಮುಚ್ಚಿಹೋಗಿ, ಅದು ತೆರೆದೇ ಉಳಿಯುತ್ತದೆ. ವೇಗ ಹೆಚ್ಚಿದಾಗ ಸೋರಲು ಸಮಯ ಸಾಲದೆ ಮಿಸ್ಸಿಂಗ್ ಮರೆಯಾಗುತ್ತದೆ. ಸಡಿಲವಾದ ಟ್ಯಾಪೆಟ್ ಟಕಟಕ ಎಂದು ತಾನೇ ಕೂಗಿ ಹೇಳುತ್ತದೆ. ಬಿಗಿಯಾದದ್ದು ಸದ್ದೇ ಮಾಡುವುದಿಲ್ಲ. ಮಾಲೀಕರನ್ನು ವಿಚಾರಿಸಿದಾಗ, ಕಾರು ಹಲವು ವರ್ಷ ಗ್ಯಾಸ್ ಕಿಟ್ಟಿನ ಮೇಲೆ ಓಡಿತ್ತೆಂದೂ ಕಿಟ್ಟನ್ನು ಈಚೆಗೆ ತೆಗೆಸಿದರೆಂದೂ ತಿಳಿಯಿತು. ಗ್ಯಾಸಿನಲ್ಲಿ ಓಡುವ ಎಂಜಿನ್ನುಗಳ ವಾಲ್ವ್ ಸೀಟ್ ಬೇಗ ಸವೆಯುವುದು ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಜಾಬ್ ಕಾರ್ಡಿನಲ್ಲಿ ಸೀಟ್ ಕವರಿನ ಸ್ಥಿತಿ ಬರೆಯಲು ಜಾಗವಿದೆ. ದೋಷ ಕಾಣಿಸುವುದು ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಗಾಡಿ ಗ್ಯಾಸಿನಲ್ಲಿ ಓಡಿತ್ತೋ ಎಂದು ಬರೆಯಲು ಜಾಗವಿಲ್ಲ. ಬದಲಿಸಿದ ಭಾಗಕ್ಕೆ ಬಿಲ್ಲಿನಲ್ಲಿ ಸಾಲುಂಟು, ದೋಷ ಹುಡುಕಿದ ಗಂಟೆಗಳಿಗೆ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಭಾಗ ಬದಲಿಸುವುದೇ ಕೆಲಸವೆಂಬ ಅಭ್ಯಾಸ ಬೆಳೆಯುತ್ತದೆ. ಇದನ್ನು ಮ್ಯಾನೇಜರ್ ಅವರಿಗೆ ಬರೆದುಕೊಟ್ಟಿದ್ದೇನೆ.

ಸರಿಯಾದ ದಪ್ಪದ ಟ್ಯಾಪೆಟ್ ಹಾಕಿದ ಮೇಲೆ ಬಿಸಿ ಎಂಜಿನ್ನಿನ ಕಂಪ್ರೆಷನ್ 11ಕ್ಕೆ ಬಂತು. ನಲವತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಪಕ್ಕದಲ್ಲೇ ನಿಂತೆ; ಎಣಿಕೆ ಸೊನ್ನೆಯಿಂದ ಕದಲಲಿಲ್ಲ. ಕಾಯಿಲ್ ಮತ್ತು ಇಂಜೆಕ್ಟರ್‌ಗಳನ್ನು ಬಿಲ್ಲಿನಿಂದ ತೆಗೆಸಿದೆ. ಮೂರು ವಾರಗಳ ನಂತರ ಅದೇ ಕಾರು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆನ್ನುವ ಪಿ 0420 ಕೋಡ್ ಹೊತ್ತು ಬಂತು. ಕನ್ವರ್ಟರ್ ಇಳಿಸಿ ನೋಡಿದರೆ ಒಳಗಿನ ಜೇನುಗೂಡಿನ ಒಂದು ಭಾಗ ಕರಗಿ ಮುದ್ದೆಯಾಗಿತ್ತು. ಮಾಲೀಕರನ್ನು ಒಳಗೆ ಕರೆದು ಅದನ್ನು ತೋರಿಸಿ, ಆ ಸಂಜೆ ಫೋನಿನಲ್ಲಿ ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಹೇಳಿದೆ.